ಒಂದು ಹೆಚ್ಚು, ಒಂದು ಕಡಿಮೆ

ಮೂರು ದಿನಗಳಿಂದ ಕಾಫುಯಿಗೆ ಕಾರಣವಿಲ್ಲದೆ ನಗು ಬರುತ್ತಿತ್ತು. ಕಾರಣವಿಲ್ಲ ಎಂದು ಉಳಿದವರು ಅಂದುಕೊಂಡಿದ್ದರು. ಕಾರಣ ಅವಳ ಬಲಗೈಯಲ್ಲೇ ಇತ್ತು. ಬೂದು ಬಣ್ಣದ, ಹಿಡಿಯಲ್ಲಿ ಹದವಾಗಿ ಕೂರುವ ಸ್ಕ್ಯಾನರ್. ಔಷಧದ ಪೆಟ್ಟಿಗೆಯ ಕಪ್ಪು ಗೆರೆಗಳ ಮೇಲೆ ಅದರ ಕೆಂಪು ಬೆಳಕನ್ನು ಹಾಯಿಸಿದರೆ ಬೀಪ್ ಎಂದು ಸದ್ದಾಗಿ, ಎದುರಿನ ಪರದೆಯ ಮೇಲೆ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಿಂಗಳವರೆಗೆ ಬಳಸಬಹುದು, ಎಲ್ಲವೂ ಬೆರಳುದ್ದದ ಅಕ್ಷರಗಳಲ್ಲಿ ಮೂಡುತ್ತಿದ್ದವು. ಬೆರಳುದ್ದದ ಅಕ್ಷರಗಳು. ಹೋ ಪಟ್ಟಣದ ಆ ದೊಡ್ಡಾಸ್ಪತ್ರೆಯ ಔಷಧ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತ ಕಾಫುಯಿ, ಕಳೆದ ಎರಡು ವರ್ಷಗಳಿಂದ ಪೆಟ್ಟಿಗೆಗಳ ಮೇಲಿನ ಒಂದು ಅಕ್ಷರವನ್ನೂ ಓದಿರಲಿಲ್ಲ. ಅಕ್ಷರಗಳೆಲ್ಲ ಸಕ್ಕರೆಗೆ ಮುತ್ತಿದ ಇರುವೆಗಳ ಹಾಗೆ ಒಂದರ ಮೇಲೊಂದು ಹತ್ತಿಕೊಂಡಿದ್ದವು. ಅವಳು ಚೀಟಿಯಲ್ಲಿದ್ದುದನ್ನು ಗೀಚಿನ ಆಕಾರದಿಂದ ಊಹಿಸಿ, ಬಣ್ಣದಿಂದ, ಅಂಚಿನ ಪಟ್ಟಿಯಿಂದ, ಅಲ್ಲಾಡಿಸಿದಾಗ ಆಗುವ ಸದ್ದಿನಿಂದ, ಯಾವ ಕಪಾಟಿನ ಎಷ್ಟನೇ ಹಲಗೆ ಎಂಬುದರಿಂದ ಔಷಧ ಕೊಡುತ್ತಿದ್ದಳು. ಯಾರಿಗೂ ಗೊತ್ತಿರಲಿಲ್ಲ. ಹೊಸದಾಗಿ ಬಂದ ಹುಡುಗಿಯರು, ಕಾಫುಯಿ ಆಂಟಿ ಪೆಟ್ಟಿಗೆ ನೋಡದೆಯೇ ಔಷಧ ತೆಗೆಯುತ್ತಾರೆ ಎಂದು ಬೆರಗಾಗುತ್ತಿದ್ದರು. ಆ ಬೆರಗನ್ನು ಅವಳು ತಲೆ ತಗ್ಗಿಸಿ ಸ್ವೀಕರಿಸುತ್ತಿದ್ದಳು, ಕದ್ದ ಮಾಲನ್ನು ಸೆರಗಿನಡಿ ಹಿಡಿದವಳ ಹಾಗೆ.

ಸ್ಕ್ಯಾನರ್ ತಂದವನು ದೆಲಾಲಿ. ಇಪ್ಪತ್ತೊಂಬತ್ತು ವರ್ಷ, ಕುಮಾಸಿಯಲ್ಲಿ ಓದಿ ಬಂದ ಫಾರ್ಮಸಿಸ್ಟ್, ಇಸ್ತ್ರಿ ಮುರಿಯದ ಬಿಳಿ ಕೋಟು, ಯಾರನ್ನೂ ನೋಯಿಸಬಾರದೆಂಬ ಹಟದಲ್ಲಿ ಎಲ್ಲರನ್ನೂ ಸ್ವಲ್ಪ ಸ್ವಲ್ಪ ನೋಯಿಸುವ ಮುಗುಳ್ನಗೆ. ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಕೂಡಿಸಿ ಪಾಠ ಮಾಡಿದ್ದ. ಪ್ರತಿ ಪೆಟ್ಟಿಗೆಗೂ ಒಂದು ಅಂಕಿ ಇದೆ, ಮನುಷ್ಯನ ಕಣ್ಣು ಮೋಸ ಹೋಗುತ್ತದೆ, ಅಂಕಿ ಮೋಸ ಹೋಗುವುದಿಲ್ಲ. ಹಾಗೆಂದವನು ಕಾಫುಯಿಯ ಕಡೆ ತಿರುಗಿ, "ಆಂಟಿ, ಹೆದರ್ಕೋಬೇಡಿ, ಇದು ಕಚ್ಚಲ್ಲ" ಎಂದಾಗ ಹುಡುಗಿಯರು ನಕ್ಕರು. ಹಳಬಳು, ಯಂತ್ರ ಕಂಡರೆ ಮುಖ ಸಿಂಡರಿಸುತ್ತಾಳೆ ಎಂದು ಅವನು ಎಣಿಸಿದ್ದಿರಬೇಕು. ಅವಳು ಅವನ ಕೈಯಿಂದ ಅದನ್ನು ಹೆಚ್ಚುಕಡಿಮೆ ಕಿತ್ತುಕೊಂಡಳು. ಆ ದಿನವೇ ಇನ್ನೂರು ಪೆಟ್ಟಿಗೆಗಳಿಗೆ ಬೆಳಕು ಬಿಟ್ಟಳು. ಬೀಪ್. ಬೀಪ್. ಊಟದ ಹೊತ್ತಿನಲ್ಲಿ ತನ್ನ ಸಾರ್ಡೀನ್ ಡಬ್ಬಿಗೂ ಬಿಟ್ಟಳು. ಯಂತ್ರ ಸಿಡುಕಿ ‘ಇಂಥ ಔಷಧವಿಲ್ಲ’ ಎಂದಿತು. ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಗೆ ಹೋಗುವ ದಾರಿಯಲ್ಲಿ ಕಿಟಕಿಯ ಸರಳು, ಬೇಲಿಯ ನೆರಳು, ಮುಂದೆ ನಡೆಯುವವನ ಅಂಗಿಯ ಪಟ್ಟೆ ಎಲ್ಲವೂ ಗೆರೆಗಳಾಗಿ ಕಾಣುತ್ತಿದ್ದವು. ಒಂದೊಂದಕ್ಕೂ ಒಳಗೊಳಗೇ ಬೀಪ್ ಅನ್ನುತ್ತಾ, ಕಾಲು ನೆಲಕ್ಕೆ ತಾಗುತ್ತಿಲ್ಲವೇನೋ ಎಂಬಂತೆ ನಡೆದಳು. ಇನ್ನು ಯಾರಿಗೂ ಹೇಳಬೇಕಾಗಿಲ್ಲ. ಎಂದೆಂದಿಗೂ ಹೇಳಬೇಕಾಗಿಲ್ಲ.

ಹೇಳಬೇಕಾಗಿದ್ದುದು ಏನು? ಅವಳ ತಾಯಿ ಐವತ್ತನೇ ವಯಸ್ಸಿಗೆ ಕಣ್ಣು ಕಳೆದುಕೊಂಡಿದ್ದಳು. ಒಮ್ಮೆಲೇ ಅಲ್ಲ, ಅಂಚಿನಿಂದ ಸುಟ್ಟುಕೊಂಡು ಬರುವ ಕಾಗದದ ಹಾಗೆ. ಕೊನೆಕೊನೆಗೆ ಗೋಡೆಯನ್ನು ಸವರುತ್ತ ಅಡುಗೆಮನೆಗೆ ಹೋಗಿ, ಅಕ್ಪ್ಲೆ ಮುದ್ದೆ ತೊಳಸುವ ಮಡಕೆಯನ್ನು ಮುಟ್ಟಿ ಮುಟ್ಟಿ ನೋಡಿ, ಹಿಟ್ಟು ಬೆಂದಿದೆಯೋ ಇಲ್ಲವೋ ಎಂದು ಮಗಳನ್ನು ಕೇಳುತ್ತಿದ್ದಳು. ಕೇಳುವಾಗ ಮುಖವನ್ನು ಬೇರೆಲ್ಲೋ ಇಟ್ಟುಕೊಂಡಿರುತ್ತಿದ್ದಳು. ಕಣ್ಣಿನ ಒಳಗಿನ ಒತ್ತಡ, ರಕ್ತದಲ್ಲೇ ಬರುತ್ತದೆ, ಮಕ್ಕಳು ವರ್ಷವರ್ಷ ತೋರಿಸಿಕೊಳ್ಳಬೇಕು ಎಂದು ಅಂದಿನ ಡಾಕ್ಟರು ಹೇಳಿದ್ದರು. ಕಣ್ಣಿನ ವಿಭಾಗ ಇದೇ ಆವರಣದಲ್ಲಿ, ಔಷಧ ಕೌಂಟರಿನಿಂದ ನಲವತ್ತು ಹೆಜ್ಜೆ. ಕಾಫುಯಿ ಆ ನಲವತ್ತು ಹೆಜ್ಜೆಯನ್ನು ತಪ್ಪಿಸಲು ಪ್ರತಿದಿನ ಬಟ್ಟೆ ಒಗೆಯುವ ಮನೆಯನ್ನು ಸುತ್ತಿಕೊಂಡು ಹೋಗುತ್ತಿದ್ದಳು. ಹೆಸರಿಡದೆ ಇರುವವರೆಗೆ ಕಾಯಿಲೆ ಕಾಯಿಲೆಯಲ್ಲ. ಹೆಸರಿಟ್ಟ ಕೂಡಲೇ ಅದು ಎದ್ದು ನಿಂತು ಮನೆಗೆ ಬರುತ್ತದೆ, ಗೋಡೆ ಸವರುತ್ತ.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಪಾಟಿನ ಲೆಕ್ಕ ನೋಡುವ ಕೆಲಸ. ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಗಿ ಒಂದು ಗಂಟೆ ಯಂತ್ರ ಸತ್ತಿತ್ತು. ಆ ಗಂಟೆಯಲ್ಲಿ ಬಂದ ಆರು ರೋಗಿಗಳಿಗೆ ಕಾಫುಯಿ ಹಳೆಯ ಪದ್ಧತಿಯಲ್ಲಿ ಔಷಧ ಕೊಟ್ಟು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಬೆಳಿಗ್ಗೆ ಹುಡುಗಿಯೊಬ್ಬಳು ಅದನ್ನು ಯಂತ್ರಕ್ಕೆ ಏರಿಸಿದ್ದಳು. ಈಗ ಕಾಫುಯಿ ಒಂದು ಹಲಗೆಯಾದ ಮೇಲೆ ಇನ್ನೊಂದನ್ನು ಬೀಪ್ ಮಾಡುತ್ತ ಬಂದಳು, ಗುನುಗುತ್ತ, ಒಂದೊಂದು ಸಾಲು ಮುಗಿದಾಗಲೂ ಪರದೆ ಹಸಿರಾಗುವುದನ್ನು ನೋಡಿ ಮಗುವಿನ ಹಾಗೆ ಹಿಗ್ಗುತ್ತ. ನಾಲ್ಕನೇ ಕಪಾಟಿನಲ್ಲಿ ಪರದೆ ಹಸಿರಾಗಲಿಲ್ಲ. ರಕ್ತದೊತ್ತಡದ ಮಾತ್ರೆಯ ಪೆಟ್ಟಿಗೆ ಇರಬೇಕಾದ್ದಕ್ಕಿಂತ ಒಂದು ಹೆಚ್ಚು. ಕೆಳಗಿನ ಹಲಗೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಒಂದು ಕಡಿಮೆ. ಎರಡೂ ಒಂದೇ ಕಂಪನಿಯವು, ಬಿಳಿ ಪೆಟ್ಟಿಗೆ, ನೀಲಿ ಪಟ್ಟಿ, ಒಂದೇ ಅಳತೆ, ಹೆಸರೊಂದು ಬೇರೆ. ಅಲ್ಲಾಡಿಸಿದರೆ ಸದ್ದೂ ಒಂದೇ. ಕಾಫುಯಿ ಮತ್ತೊಮ್ಮೆ ಬೆಳಕು ಬಿಟ್ಟಳು. ಯಂತ್ರ ಅದೇ ಮಾತನ್ನು ಅಷ್ಟೇ ಉತ್ಸಾಹದಿಂದ ಹೇಳಿತು. ಬೀಪ್. ಅವಳಿಗೆ ಕಾಲಡಿಯ ನೆಲ ಮೆಲ್ಲಗೆ ಎಡಕ್ಕೆ ವಾಲಿದಂತಾಯಿತು.

ದೆಲಾಲಿ ಹಿಂದಿನಿಂದ ಬಂದು ಇಣುಕಿದ. ಒಂದು ಹೆಚ್ಚು, ಒಂದು ಕಡಿಮೆ, ಸರಿಹೋಯಿತಲ್ಲ ಎಂದ. "ಹೊಸ ಸಿಸ್ಟಮ್ಮು ಆಂಟಿ, ಮೊದಲ ವಾರ ಹೀಗೇ. ಏರಿಸೋವಾಗ ಆ ಹುಡುಗಿ ತಪ್ಪು ಒತ್ತಿರ್ತಾಳೆ. ಒಪ್ಪಿಗೆ ಅಂತಿದೆಯಲ್ಲ, ಅದನ್ನ ಒತ್ತಿಬಿಡಿ." ಅವನು ಹೋದ. ಪರದೆಯ ಮೂಲೆಯಲ್ಲಿ ಹಸಿರು ಚೌಕ ಮಿನುಗುತ್ತಿತ್ತು. ಆ ಆರು ಜನರಲ್ಲಿ ಈ ಮಾತ್ರೆ ಪಡೆದವನು ಒಬ್ಬನೇ ಎಂದು ಅವಳಿಗೆ ನೆನಪಿತ್ತು. ಕ್ಪೆಟೋ ಊರಿನ, ಬಣ್ಣಬಣ್ಣದ ಕೆಂತೆ ಬಟ್ಟೆ ನೇಯುವ ಮುದುಕ, ಬೆರಳುಗಳಿಗೆ ಕಿತ್ತಳೆ ಬಣ್ಣ ಹತ್ತಿತ್ತು, ಮೊದಲ ಸಲ ರಕ್ತದೊತ್ತಡ ಎಂದು ಬರೆಸಿಕೊಂಡು ಬಂದಿದ್ದ. ಬೆಳಿಗ್ಗೆ ಒಂದು ಮಾತ್ರೆ, ಮರೆಯಬೇಡಿ ಎಂದು ತಾನೇ ಎರಡು ಸಲ ಹೇಳಿದ್ದಳು. ಅವನಿಗೆ ಸಕ್ಕರೆ ಕಾಯಿಲೆ ಇಲ್ಲ. ಇಲ್ಲದವನು ಅದನ್ನು ನುಂಗಿದರೆ ರಕ್ತದ ಸಕ್ಕರೆ ಇಳಿಯುತ್ತ ಹೋಗುತ್ತದೆ, ಬೆವರು, ನಡುಕ, ಬುದ್ಧಿ ಮಂಕು, ಆಮೇಲೆ ಎಚ್ಚರವಿಲ್ಲದ ನಿದ್ದೆ. ಆ ನಿದ್ದೆಯಿಂದ ಎಲ್ಲರೂ ಏಳುವುದಿಲ್ಲ. ಇಷ್ಟೆಲ್ಲ ಒಂದೇ ಉಸಿರಿಗೆ ಅವಳಿಗೆ ಗೊತ್ತಾಯಿತು. ಗೊತ್ತಿದ್ದೇ ಅವಳ ಹೆಬ್ಬೆರಳು ಹಸಿರು ಚೌಕವನ್ನು ಒತ್ತಿತು. ಯಂತ್ರ ಎರಡು ಸಲ ಬೀಪ್ ಎಂದಿತು, ಶಾಬಾಸ್ ಅನ್ನುವ ಹಾಗೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮುದುಕನೂ ಇಲ್ಲ. ಅವಳಿಗೆ ನಗು ಬಂತು. ಕಪಾಟಿಗೆ ಹಣೆ ಒತ್ತಿ ನಕ್ಕಳು, ಹೊಟ್ಟೆಯೊಳಗಿಂದ ಗುಳ್ಳೆಗುಳ್ಳೆಯಾಗಿ ಏರಿ ಬರುವ ನಗು, ನಿಲ್ಲಿಸಲು ಹೋದಷ್ಟೂ ಏರಿತು. ಒಬ್ಬಳು ಹುಡುಗಿ ಏನಾಯ್ತು ಆಂಟಿ ಎಂದು ಕೇಳಿ, ಕಾರಣ ತಿಳಿಯದೆ ತಾನೂ ನಕ್ಕಳು.

ಊಟಕ್ಕೆ ವಾಚೆ ತಂದಿಟ್ಟುಕೊಂಡಳು. ಅನ್ನ, ಅಲಸಂದೆ, ಮೇಲೆ ಮೊಟ್ಟೆ. ಮೊದಲ ತುತ್ತನ್ನು ಎತ್ತಿ ಮತ್ತೆ ತಟ್ಟೆಗಿಟ್ಟಳು. ಆ ಮುದುಕ ಏನಾದರೂ ತಿಂದಿರುತ್ತಾನೆಯೇ? ತಿಂದಿದ್ದರೆ ಬದುಕುತ್ತಾನೆ. ನೇಕಾರರು ಬೆಳಿಗ್ಗೆ ಒಂದು ಲೋಟ ಗಂಜಿ ಕುಡಿದು ಮಗ್ಗಕ್ಕೆ ಕೂತರೆ ಅಂದಿನ ಅಳತೆ ಮುಗಿಯುವ ತನಕ ಏಳುವುದಿಲ್ಲ. ಅವಳ ಚಿಕ್ಕಪ್ಪ ಹಾಗೇ ಇದ್ದ. ತಾಯಿಯೂ ಕೊನೆಗೆ ತಿನ್ನುವುದನ್ನು ಬಿಟ್ಟಿದ್ದಳು, ತಟ್ಟೆಯಲ್ಲಿ ಏನಿದೆಯೆಂದು ಪ್ರತಿ ಸಲ ಕೇಳಬೇಕಲ್ಲ ಎಂಬ ನಾಚಿಕೆಗೆ. ಕಾಫುಯಿ ಎದ್ದಳು. ಎದ್ದೆನೆಂದು ಅವಳಿಗೆ ಗೊತ್ತಾದದ್ದು ಕೈಬರಹದ ಪುಸ್ತಕವನ್ನು ಎದುರಿಗೆ ತೆರೆದುಕೊಂಡು ನಿಂತಿದ್ದಾಗ. ಹೆಸರಿನ ಪಕ್ಕದಲ್ಲಿ ಫೋನ್ ನಂಬರ್ ಇತ್ತು, ಅವಳೇ ಬರೆದದ್ದು. ಪುಸ್ತಕವನ್ನು ತೋಳುದ್ದಕ್ಕೆ ಹಿಡಿದಳು, ಕಿಟಕಿಗೆ ಹಿಡಿದಳು. ಊಹಿಸಿ ಒತ್ತಿದಳು. ಆ ಕಡೆ ಒಂದು ದಪ್ಪ ದನಿ. ನಿನ್ನೆ ಕೊಟ್ಟ ಬಿ.ಪಿ. ಮಾತ್ರೆ ನುಂಗಿದಿರಾ ಎಂದು ಇವಳು ಒಂದೇ ಸಮನೆ ಕೇಳಿದಾಗ ಆ ದನಿ ತುಸು ಯೋಚಿಸಿ ಹೇಳಿತು: "ನಾನು ಕುಮಾಸಿಲಿ ಟೈರ್ ಮಾರ್ತೀನಿ ತಾಯಿ. ನಂಗೆ ಬಿ.ಪಿ. ಇಲ್ಲ, ಹೆಂಡ್ತಿ ಇದಾಳೆ." ಎರಡನೇ ಸಲ ಊಹಿಸಿದಾಗ ಅಂಥ ನಂಬರೇ ಇಲ್ಲವೆಂದು ರೆಕಾರ್ಡು ಹೇಳಿತು. ಆರೋ ಎಂಟೋ, ಮೂರೋ ಎಂಟೋ. ಹತ್ತು ಅಂಕಿಗಳು ಪುಸ್ತಕದ ಮೇಲೆ ಈಜುತ್ತಿದ್ದವು. ಪಕ್ಕದಲ್ಲೇ ಇದ್ದ ಸ್ಕ್ಯಾನರನ್ನು ಎತ್ತಿ ಅವುಗಳ ಮೇಲೆ ಬೆಳಕು ಬಿಟ್ಟಳು. ಯಂತ್ರ ಸುಮ್ಮನಿತ್ತು. ಮನುಷ್ಯರ ಕೈಬರಹ ಅದಕ್ಕೆ ಬರುವುದಿಲ್ಲ.

ದೆಲಾಲಿಯ ಕೋಣೆಗೆ ಹೋಗಿ ಪುಸ್ತಕವನ್ನು ಅವನ ಊಟದ ಡಬ್ಬಿಯ ಪಕ್ಕಕ್ಕಿಟ್ಟಳು.

"ಡಾಕ್ಟ್ರೇ, ಈ ನಂಬರ್ ಓದಿ."

ಅವನು ನೋಡಿದ. "ನಿಮ್ಮದೇ ಕೈಬರಹ ಅಲ್ವಾ ಆಂಟಿ?"

"ನಂದೇ. ನಂಗೆ ಕಾಣ್ಸಲ್ಲ." ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. "ಎರಡು ವರ್ಷದಿಂದ ಕಾಣ್ಸಲ್ಲ. ಆ ಒಂದು ಕಡಿಮೆ ಇದೆಯಲ್ಲ, ಅದು ಈ ಮುದುಕರ ಹೊಟ್ಟೇಲಿದೆ."

ದೆಲಾಲಿಯ ಮುಖದಿಂದ ಆ ಮುಗುಳ್ನಗೆ ಮೊದಲ ಬಾರಿಗೆ ಇಳಿದದ್ದನ್ನು ಅವಳು ಕಂಡಳು. ಅದರ ಕೆಳಗೆ ಹೆದರಿದ ಒಬ್ಬ ಹುಡುಗನ ಮುಖವಿತ್ತು. ಅವನು ನಂಬರ್ ಓದಿ ಒತ್ತಿದ, ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಒತ್ತಿದ. ಆಮೇಲೆ ಸಕ್ಕರೆ ಅಳೆಯುವ ಯಂತ್ರವನ್ನೂ ಗ್ಲೂಕೋಸ್ ಪುಡಿಯ ಪೊಟ್ಟಣಗಳನ್ನೂ ಕೋಟಿನ ಜೇಬಿಗೆ ತುರುಕಿಕೊಂಡು ಕಾರಿನ ಬೀಗದ ಕೈ ಹುಡುಕಿದ.

ಕ್ಪೆಟೋ ರಸ್ತೆಯಲ್ಲಿ ಅವನು ಕಾರನ್ನು ಹೇಗೆ ಓಡಿಸಿದನೆಂದರೆ ಆಡುಗಳು, ಕಸಾವ ಗೆಡ್ಡೆ ಹೊತ್ತ ಹೆಂಗಸರು, ಟ್ರೊಟ್ರೊ ವ್ಯಾನುಗಳು ಎಲ್ಲವೂ ಪಕ್ಕಕ್ಕೆ ಹಾರಿದಂತೆ ಕಂಡವು. ಕಾಫುಯಿಗೆ ಭಯವಾಗಬೇಕಿತ್ತು. ಅದರ ಬದಲು ಎದೆಯೊಳಗಿನ ಕಲ್ಲೊಂದನ್ನು ಯಾರೋ ಎತ್ತಿಕೊಂಡು ಹೋದ ಹಾಗೆ, ತಡೆಯಲಾಗದಷ್ಟು ಹಗುರವಾಗಿತ್ತು. ಹೇಳಿಬಿಟ್ಟೆ. ಕಿಟಕಿಯಿಂದ ನುಗ್ಗುವ ಗಾಳಿಗೆ ಬಾಯಿ ತೆರೆದು ಕೂತಳು. ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಕಣ್ಣು ಹೋಗುತ್ತದೆ. ಹೋಗುವುದೆಲ್ಲ ಒಟ್ಟಿಗೆ ಹೋಗುತ್ತಿದೆ. ಒಬ್ಬ ಮನುಷ್ಯ ಸಾಯುತ್ತಿರಬಹುದು, ತಾನು ಹೀಗೆ ಹಗುರಾಗಿ ಕೂತಿದ್ದೇನೆ, ಎಂಥ ಹೆಂಗಸು ತಾನು ಎಂದು ಬೈದುಕೊಂಡಳು, ಬೈಗುಳವೂ ಗಾಳಿಗೆ ಹಾರಿತು. ದೆಲಾಲಿ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: "ಒತ್ತಿಬಿಡಿ ಅಂದಿದ್ದು ನಾನು." ಸ್ವಲ್ಪ ಹೊತ್ತಾದ ಮೇಲೆ ಅದೇ ಮಾತನ್ನು ಅವನು ಮತ್ತೆ ಹೇಳಿದ.

ನೇಕಾರನ ಮನೆ ಹುಡುಕಬೇಕಾಗಲಿಲ್ಲ. ಮರದ ಕೆಳಗಿನ ಮಗ್ಗದ ಚಪ್ಪರದ ಸುತ್ತ ಇಪ್ಪತ್ತು ಜನ ನಿಂತು ನಗುತ್ತಿದ್ದರು. ಮಗ್ಗದೊಳಗೆ ಮುದುಕ ಅಗ್ಬೆಕೊ ಕೂತಿದ್ದ, ಬೆವರಿನಿಂದ ಅಂಗಿ ಮೈಗಂಟಿತ್ತು, ಕೈ ನಡುಗುತ್ತ ಲಾಳಿಯನ್ನು ಅತ್ತಿತ್ತ ಎಸೆಯುತ್ತಿದ್ದ. ಸಾವಿನ ಮನೆಯ ಹಾಡನ್ನು ಮದುವೆಯ ಕುಣಿತದ ವೇಗದಲ್ಲಿ ಹಾಡುತ್ತಿದ್ದ. ನೇಯ್ದ ಬಟ್ಟೆಯಲ್ಲಿ ಹಸಿರು ಬರಬೇಕಾದಲ್ಲಿ ಕೆಂಪು, ಕೆಂಪು ಬರಬೇಕಾದಲ್ಲಿ ಏನೂ ಇಲ್ಲ. ಅವನ ಮಗಳು ಯಾಯ್ರಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಪ್ಪ ಹಗಲೇ ಕುಡಿದಿದ್ದಾನೆ, ಆದರೆ ಬಾಯಲ್ಲಿ ವಾಸನೆಯಿಲ್ಲ, ಇದೇನು ಕುಡಿತವೋ ಎಂದು ಬಂದವರಿಗೆಲ್ಲ ದೂರುತ್ತಿದ್ದಳು. ದೆಲಾಲಿ ಮುದುಕನ ಬೆರಳಿಗೆ ಸೂಜಿ ಚುಚ್ಚಿ ಅಳೆದ. ಎರಡು ಪಾಯಿಂಟ್ ಒಂದು. ನಾಲ್ಕಕ್ಕಿಂತ ಕೆಳಗಿಳಿಯಬಾರದ ಅಂಕಿ. ಅವನು ಗ್ಲೂಕೋಸ್ ಕಲಸಿದ ಲೋಟವನ್ನು ಮುಂದೆ ಹಿಡಿದರೆ ಮುದುಕ ಬಾಯಿ ಬಿಗಿದುಕೊಂಡು ತಲೆಯಾಡಿಸಿದ. ಕಾಫುಯಿ ಮಗ್ಗದ ಹತ್ತಿರ ಮೊಣಕಾಲೂರಿ, ಅಜ್ಜನನ್ನು ಕರೆಯುವ ಹಾಗೆ ಕರೆದಳು.

"ಕುಡೀರಿ ತೊಗ್ಬೆ."

"ಈ ಹೆಂಗಸು ಯಾಕೆ ಮೂರು ಜನ ಆಗಿ ಬಂದಿದಾಳೆ?" ಎಂದು ಮುದುಕ ಸುತ್ತಲಿನವರನ್ನು ಕೇಳಿದ. ಎಲ್ಲರೂ ನಕ್ಕರು. "ಮೊದ್ಲು ನೀವು ಮೂರೂ ಜನ ಕುಡೀರಿ."

ಅವಳು ಒಂದು ಗುಟುಕು ಕುಡಿದಳು. ಅವನು ಒಂದು ಗುಟುಕು ಕುಡಿದ. ಎರಡನೆಯವಳೂ ಕುಡಿಯಲಿ ಎಂದ. ಕುಡಿದಳು. ಹೀಗೆ ಒಂದು ಲೋಟ, ಇನ್ನೊಂದು ಲೋಟ, ಸಿಹಿಯಿಂದ ಅವಳಿಗೆ ತಲೆ ಸುತ್ತುತ್ತಿತ್ತು, ಮುದುಕನ ನಡುಗುವ ಕೈ ಅವಳ ಕೈಮೇಲಿತ್ತು, ಸುತ್ತ ಜನ ಕೇಕೆ ಹಾಕುತ್ತಿದ್ದರು, ಪಂದ್ಯ ನಡೆಯುತ್ತಿದೆಯೇನೋ ಎಂಬಂತೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ಮುದುಕ ಹಾಡು ನಿಲ್ಲಿಸಿದ. ತಾನು ನೇಯ್ದದ್ದನ್ನು ಬಗ್ಗಿ ನೋಡಿದ, ಬಹಳ ಹೊತ್ತು ನೋಡಿದ. "ಇದನ್ನ ಯಾರು ನೇಯ್ದದ್ದು?" ಎಂದು ಕೇಳಿದ. ಆಗ ಮಾತ್ರ ಯಾರೂ ನಗಲಿಲ್ಲ.

ಆ ಮಾತ್ರೆಯ ಗುಣ ಇಡೀ ದಿನ ಇಳಿಯುವುದಿಲ್ಲ. ಆದ್ದರಿಂದ ಅವನನ್ನು ಕಾರಿನಲ್ಲಿ ಕೂಡಿಸಿಕೊಂಡು ಹೋ ಪಟ್ಟಣಕ್ಕೆ ಕರೆತಂದು ವಾರ್ಡಿಗೆ ಸೇರಿಸಿದರು. ದಾರಿಯುದ್ದಕ್ಕೂ ಯಾಯ್ರಾ ಸಿಹಿ ಬ್ರೆಡ್ಡು ಮುರಿದು ಮುರಿದು ಅಪ್ಪನ ಬಾಯಿಗಿಟ್ಟಳು. ಸಂಜೆ ದೆಲಾಲಿ ನಡೆದದ್ದನ್ನು ವರದಿಯಾಗಿ ಬರೆದ. ಕಾಫುಯಿ ಹೇಳಿದಳು, ಅವನು ಬರೆದ, ಎರಡು ವರ್ಷ ಎಂಬುದನ್ನು ಬಿಡಬೇಡಿ ಎಂದು ಅವಳೇ ನೆನಪಿಸಿದಳು. ಕೊನೆಗೆ ಅವನು ಗಟ್ಟಿಯಾಗಿ ಓದಿದಾಗ ಅವಳು ಹೇಳದ ಒಂದು ಸಾಲು ಅದರಲ್ಲಿತ್ತು: ವ್ಯತ್ಯಾಸವನ್ನು ವಿಚಾರಿಸದೆ ಒಪ್ಪಿಗೆ ಒತ್ತಲು ಹೇಳಿದವನು ನಾನು. ಮೇಲಿನವರು ತೀರ್ಮಾನಿಸುವ ತನಕ ಅವಳು ಕೌಂಟರಿನಲ್ಲಿ ನಿಲ್ಲುವಂತಿಲ್ಲ. ನಾಳೆ ಬೆಳಿಗ್ಗೆ ಮೊದಲು ಕಣ್ಣಿನ ವಿಭಾಗ ಎಂದ. ಈ ಸಲ ಅವನು ನಗಲಿಲ್ಲ, ಅದಕ್ಕೆ ಅವಳಿಗೆ ಅವನ ಮೇಲೆ ಅಕ್ಕರೆ ಹುಟ್ಟಿತು.

ಗುರುವಾರ ಅವಳು ಆ ನಲವತ್ತು ಹೆಜ್ಜೆ ನಡೆದಳು. ಬಾಗಿಲು ತಳ್ಳಿ ಒಳಗೆ ಹೋದಳು. ಕಣ್ಣಿಗೆ ಹನಿ ಹಾಕಿದರು, ಗದ್ದವನ್ನು ತಟ್ಟೆಯಂಥದ್ದರ ಮೇಲೆ ಇಡಿಸಿದರು, ನೀಲಿ ಬೆಳಕೊಂದು ಕಣ್ಣಿಗೆ ಮುತ್ತಿಡುವಷ್ಟು ಹತ್ತಿರ ಬಂತು. ಅವಳು ತಾಯಿಯ ಹಾಗೆ ಮುಖವನ್ನು ಬೇರೆಲ್ಲೋ ಇಟ್ಟುಕೊಳ್ಳಲು ನೋಡಿದಳು, ಆದರೆ ಯಂತ್ರ ಬಿಡಲಿಲ್ಲ. ಪರೀಕ್ಷಿಸಿದವಳು ಚುರುಕು ಮಾತಿನ ಹೆಂಗಸು. ಕಾಗದದ ಮೇಲೆ ಗೀಚುತ್ತಲೇ ಹೇಳಿದಳು: "ಒತ್ತಡ ಸರಿಯಾಗಿದೆ. ನರ ಚೆನ್ನಾಗಿದೆ. ಅಮ್ಮನ ಕಾಯಿಲೆ ನಿಮಗೆ ಬಂದಿಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ. ಇದು ಬರೀ ವಯಸ್ಸು. ಓದೋ ಕನ್ನಡಕ ಹಾಕ್ಕೊಳ್ಳಿ, ಬಸ್ ನಿಲ್ದಾಣದಲ್ಲಿ ತಲೆ ಮೇಲೆ ಹೊತ್ಕೊಂಡು ಮಾರ್ತಾರಲ್ಲ, ಅಂಥದ್ದಾದರೂ ಸಾಕು."

ಕಾಫುಯಿ ಮತ್ತೊಮ್ಮೆ ಹೇಳಿ ಎಂದಳು. ಆಕೆ ಮತ್ತೊಮ್ಮೆ ಹೇಳಿದಳು. ಆಗ ಬಂದ ನಗು ಇದುವರೆಗಿನ ಯಾವ ನಗುವಿನ ಹಾಗೂ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕುರ್ಚಿಯ ತೋಳು ಹಿಡಿದುಕೊಂಡು, ಹನಿ ಹಾಕಿದ ಕಣ್ಣಿನಿಂದ ನೀರು ಸುರಿಸುತ್ತ ನಕ್ಕಳು. ಎರಡು ವರ್ಷ ತಾನು ಹೊತ್ತು ತಿರುಗಿದ ಹೆಣ ತೆರೆದು ನೋಡಿದರೆ ಹುಲ್ಲಿನ ಬೊಂಬೆ. ಅದಕ್ಕಾಗಿ ಬಳಸು ದಾರಿ, ಅದಕ್ಕಾಗಿ ಸುಳ್ಳು, ಅದಕ್ಕಾಗಿ ಒಬ್ಬ ಮುದುಕ ಮಗ್ಗದಲ್ಲಿ ಕೂತು ತನ್ನ ಸಾವಿನ ಹಾಡನ್ನು ಕುಣಿಸಿ ಹಾಡಿದ. ನಗುವಿನ ನಡುವೆ ಆ ಯೋಚನೆ ಬಂದು ಚುಚ್ಚಿತು, ನಗು ನಿಲ್ಲಲಿಲ್ಲ, ಚುಚ್ಚಿದ್ದೂ ಹೋಗಲಿಲ್ಲ. ಎರಡೂ ಒಟ್ಟಿಗೇ ಇದ್ದವು. ಅಷ್ಟು ಹೊತ್ತಿಗೆ ಆಕೆ ಒಂದು ಹಳೆಯ ಕನ್ನಡಕವನ್ನು, ನಿಮ್ಮದು ಬರುವ ತನಕ ಇಟ್ಟುಕೊಳ್ಳಿ ಎಂದು, ಅವಳ ಮೂಗಿಗೆ ಏರಿಸಿದಳು. ಕಾಫುಯಿ ತನ್ನ ಕೈಗಳನ್ನು ನೋಡಿಕೊಂಡಳು. ಎಷ್ಟೊಂದು ಗೆರೆಗಳು. ಯಾವಾಗ ಬಂದವು ಇವೆಲ್ಲ?

ಮುದುಕ ಅಗ್ಬೆಕೊ ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದ. ಮಧ್ಯಾಹ್ನ ಮನೆಗೆ ಕಳಿಸುವುದಾಗಿ ಹೇಳಿದ್ದರು. ಕಾಫುಯಿ ದೆಲಾಲಿಯಿಂದ ಕೇಳಿ ತಂದ ಪೆಟ್ಟಿಗೆಯನ್ನು, ಸರಿಯಾದ ಮಾತ್ರೆಯನ್ನು, ಅವನ ಮುಂದಿಟ್ಟು, ಆ ದಿನ ತಪ್ಪು ಪೆಟ್ಟಿಗೆ ಕೊಟ್ಟದ್ದು ತಾನು, ಕಣ್ಣು ಕಾಣದೆ ಕೊಟ್ಟದ್ದು, ಕಾಣುವುದಿಲ್ಲ ಎಂದು ಗೊತ್ತಿದ್ದೂ ಕೊಟ್ಟದ್ದು, ಗೊತ್ತಾದ ಮೇಲೂ ಒಂದು ಗಂಟೆ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದಳು. ಯಾಯ್ರಾ ಎದ್ದು ನಿಂತು ಬಾಯಿಗೆ ಬಂದಂತೆ ಬೈದಳು. ಪಕ್ಕದ ಹಾಸಿಗೆಗಳವರೆಲ್ಲ ತಿರುಗಿ ನೋಡಿದರು. ಕಾಫುಯಿ ತಲೆ ತಗ್ಗಿಸಲಿಲ್ಲ, ಕನ್ನಡಕ ಜಾರೀತೆಂದು. ಮಗಳ ಬೈಗುಳ ಮುಗಿದ ಮೇಲೆ ಮುದುಕ ಕೇಳಿದ.

"ಕಣ್ಣು ಕಾಣ್ಸಲ್ಲ ಅನ್ನೋಕೆ ಎರಡು ವರ್ಷ ಬೇಕಾಯ್ತಾ ನಿಂಗೆ?"

"ಬೇಕಾಯ್ತು ತೊಗ್ಬೆ."

ಅವನು ಪೆಟ್ಟಿಗೆಯನ್ನು ಎತ್ತಿ ಎರಡೂ ಕಡೆ ತಿರುವಿ ನೋಡಿ, ಅವಳ ಕಡೆ ಚಾಚಿದ. "ನಂಗೆ ಓದಕ್ಕೆ ಬರಲ್ಲ. ಓದು. ಪೂರ್ತಿ ಓದು. ಆಮೇಲೆ ನುಂಗ್ತೀನಿ."

ಅವಳು ಓದಿದಳು. ಮೊದಲು ಔಷಧದ ಹೆಸರು, ಒಂದೊಂದೇ ಅಕ್ಷರವಾಗಿ. ಆಮೇಲೆ ಹತ್ತು ಮಿಲಿಗ್ರಾಂ, ಮೂವತ್ತು ಮಾತ್ರೆ, ತಂಪಾದ ಒಣ ಜಾಗದಲ್ಲಿ ಇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮುದುಕ ಇನ್ನೂ ಕೈ ಚಾಚಿರಲಿಲ್ಲ. ಮುಗಿಯಿತೇ ಎಂಬಂತೆ ಹುಬ್ಬೆತ್ತಿದ. ಮುಗಿದಿರಲಿಲ್ಲ. ಗೆರೆಗಳ ಕೆಳಗೆ, ಯಾವ ಮನುಷ್ಯನೂ ಓದಲೆಂದು ಬರೆಯದ, ಸಾಸಿವೆಗಿಂತ ಸಣ್ಣ ಹದಿನಾಲ್ಕು ಅಂಕಿಗಳಿದ್ದವು. ಸೊನ್ನೆ, ಆರು, ಸೊನ್ನೆ, ಮೂರು ಎಂದು ಕಾಫುಯಿ ಗಟ್ಟಿಯಾಗಿ ಶುರುಮಾಡಿದಳು. ಪ್ರತಿಯೊಂದೂ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು, ಆರು ಆರೇ ಆಗಿತ್ತು, ಎಂಟು ಎಂಟೇ ಆಗಿತ್ತು. ದನಿ ತಾನಾಗಿ ಏರಿತು. ಹದಿನಾಲ್ಕನೆಯ ಅಂಕಿ ಮುಗಿದಾಗ ಮುದುಕ ಮಾತ್ರೆಗೆಂದು ಬಾಯಿ ತೆರೆದ.